ಲೆಕ್ಕ ಓದಿದೆಯಾ ಅಂತ ಇನ್ನು ಕೇಳುವುದಿಲ್ಲ

ಪುಟ್ಟೀ,

ನಿನ್ನೆ ರಾತ್ರಿ ನೀನು ಬಾಗಿಲು ಹಾಕಿಕೊಂಡ ಮೇಲೆ ನಿನ್ನ ಮಾಡೆಲ್ ಪರೀಕ್ಷೆಯ ಪೇಪರ್ ಮೇಜಿನ ಮೇಲೇ ಬಿದ್ದಿತ್ತು. ಕೇಳದೆ ತೆಗೆದು ನೋಡಿದೆ, ಬೈಬೇಡ. ನೂರಕ್ಕೆ 58. ನೀನು ಅತ್ತಿದ್ದು ಆ 58 ನೋಡಿ. ನಾನು ಮಾತ್ರ ಹೋದ 42 ಮಾರ್ಕನ್ನು ಮುಂದೆ ಇಟ್ಟುಕೊಂಡು ಹನ್ನೆರಡೂವರೆವರೆಗೆ ಕೂತಿದ್ದೆ. ಒಂದು ಹಾಳೆ ತೆಗೆದುಕೊಂಡು ಒಂದೊಂದು ಮಾರ್ಕು ಯಾಕೆ ಹೋಯಿತು ಅಂತ ಬರೆಯುತ್ತಾ ಹೋದೆ.

ಮೈನಸ್ ನುಂಗಿದ್ದು, ಪ್ರಶ್ನೆಯಲ್ಲಿದ್ದ 3 ಅನ್ನು 8 ಅಂತ ಇಳಿಸಿಕೊಂಡಿದ್ದು, ಇಂಥವೆಲ್ಲ ಸೇರಿ 9. ಟೈಮ್ ಸಾಲದೆ ಮುಟ್ಟದೇ ಬಿಟ್ಟಿದ್ದು 11. ವಿಧಾನ ಗೊತ್ತಿದ್ದೂ ತಪ್ಪು ದಾರಿ ಹಿಡಿದು ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿದ್ದು 14. ನಿಜವಾಗಿ ಗೊತ್ತೇ ಇಲ್ಲದ್ದು ಎಷ್ಟು ಗೊತ್ತಾ? 8. "ನಂಗೆ ಮ್ಯಾಥ್ಸ್ ಬರೋದೇ ಇಲ್ಲಮ್ಮಾ" ಅಂದೆಯಲ್ಲ, ನಿನ್ನದೇ ಪೇಪರ್ ಹಾಗೆ ಹೇಳುತ್ತಿಲ್ಲ. ನೂರರಲ್ಲಿ ಎಂಟು ಬರುವುದಿಲ್ಲ, ಅಷ್ಟೇ. ಉಳಿದ 34 ಬರುತ್ತೆ, ಆದರೆ ಬೇಕಾದಾಗ ಕೈಗೆ ಸಿಗುತ್ತಿಲ್ಲ.

ಇದಕ್ಕೆ ನಾನೂ ಸ್ವಲ್ಪ ಕಾರಣ. ಒಂದು ವರ್ಷದಿಂದ ನಾನು ನಿನಗೆ ಹೇಳುತ್ತಾ ಬಂದಿದ್ದು ಒಂದೇ ಮಾತು, "ಓದ್ಕೋ ಹೋಗು". ಇತಿಹಾಸಕ್ಕೂ ಅದೇ, ಭಾಷೆಗೂ ಅದೇ, ಲೆಕ್ಕಕ್ಕೂ ಅದೇ. ನೀನೂ ಪಾಪ ಹೇಳಿದ ಹಾಗೆ ಲೆಕ್ಕವನ್ನು ಓದಿದೆ. ಬಿಡಿಸಿದ ಲೆಕ್ಕದ ಪುಟ ತೆರೆದು, ಒಂದೊಂದೇ ಸಾಲು ನೋಡಿ, ಹೌದು, ಸರಿ, ಆಮೇಲೆ ಹೀಗೆ, ಸರಿ, ಅಂತ ತಲೆ ಆಡಿಸಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಟಿಕ್ ಹಾಕಿ ಮುಂದೆ ಹೋಗಿದ್ದೀಯ. ನಿನ್ನ ಪುಸ್ತಕದ ತುಂಬಾ ಆ ಟಿಕ್‌ಗಳಿವೆ. ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು, ಯಾಕೆಂದರೆ ಅವು ನನ್ನ ಟಿಕ್‌ಗಳು.

ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಲೆಕ್ಕದಲ್ಲಿ ಕ್ಲಾಸಿಗೇ ಚೆಂದದ ನೋಟ್ಸ್ ಇಟ್ಟವಳು. ಎರಡು ಬಣ್ಣದ ಇಂಕು, ಉತ್ತರಕ್ಕೆ ಸುತ್ತ ಡಬ್ಬಿ, ಸ್ಕೇಲ್ ಇಟ್ಟು ಗೆರೆ. ಪರೀಕ್ಷೆಗೆ ಮುಂಚೆ ಆ ನೋಟ್ಸನ್ನು ನಾಲ್ಕು ಸಲ ಓದಿದ್ದೆ. ಹಾಲ್‌ನಲ್ಲಿ ಮೊದಲನೇ ದೊಡ್ಡ ಇಂಟಿಗ್ರೇಷನ್ ಲೆಕ್ಕ ಬಂತು. ಅದು ನನ್ನ ನೋಟ್ಸಿನ ಎಡಗಡೆ ಪುಟದಲ್ಲಿ ಕೆಳಗೆ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಅಲ್ಲಿ ಒಂದು ಕಡೆ ಇಂಕು ಹರಡಿದ್ದೂ ಕಾಣುತ್ತಿತ್ತು. ಎರಡನೇ ಸಾಲು ಮಾತ್ರ ಕಾಣಲಿಲ್ಲ. ಕೈ ಓಡಲಿಲ್ಲ. ಆ ಸಲ ನನಗೆ ಬಂದಿದ್ದು 43. "ನಂಗೆ ಲೆಕ್ಕ ಇಷ್ಟ ಇರಲಿಲ್ಲ, ಅದಕ್ಕೇ ಬಿಟ್ಟೆ" ಅಂತ ನಿನಗೆ ಕಥೆ ಹೇಳಿಕೊಂಡು ಬಂದಿದ್ದೇನೆ. ಇಷ್ಟ ಇತ್ತು ಕಣೇ.

ಬೇರೆಯವರು ಬಿಡಿಸಿದ ಲೆಕ್ಕ ಓದುವಾಗ ಎಲ್ಲವೂ ಸುಲಭ, ಯಾಕೆಂದರೆ ಕಷ್ಟದ ಕೆಲಸ ಆಗಲೇ ಮುಗಿದಿರುತ್ತೆ. ಮುಂದಿನ ಹೆಜ್ಜೆ ಯಾವುದು ಅಂತ ಆರಿಸಿಕೊಳ್ಳುವುದೇ ಆ ಕೆಲಸ. ಅದನ್ನು ಪುಸ್ತಕ ಬರೆದವರು ಮಾಡಿಬಿಟ್ಟಿದ್ದಾರೆ, ನೀನು ಬರೀ ಒಪ್ಪಿಗೆ ಕೊಡುತ್ತೀಯ. ಪರೀಕ್ಷೆಯಲ್ಲಿ ಒಪ್ಪಿಗೆ ಕೇಳುವವರು ಯಾರೂ ಇರುವುದಿಲ್ಲ.

ಆ 14 ಮಾರ್ಕಿನ ಕಥೆ ಇದೇ. ಒಂದು ಉದಾಹರಣೆ ನೋಡು. ಇಂಟಿಗ್ರೇಟ್ ಮಾಡಬೇಕು, ಕೆಳಗೆ ಎಕ್ಸ್ ವರ್ಗ ಪ್ಲಸ್ 4, ಮೇಲೆ 1. ಟ್ಯಾನ್ ಇನ್ವರ್ಸ್ ಬರುತ್ತೆ. ಮೇಲಿನ 1 ತೆಗೆದು ಎಕ್ಸ್ ಇಡು, ಈಗ ಕೆಳಗಿರುವುದರ ಡಿರಿವೇಟಿವ್‌ನ ಅರ್ಧ ಮೇಲೆ ಬಂದು ಕೂತಿದೆ, ಹಾಗಾಗಿ ಸಬ್‌ಸ್ಟಿಟ್ಯೂಷನ್, ಉತ್ತರದಲ್ಲಿ ಲಾಗ್. ಮತ್ತೆ 1 ಇಟ್ಟು ಕೆಳಗಿನ ಪ್ಲಸ್ ಅನ್ನು ಮೈನಸ್ ಮಾಡು. ಅದು ಎಕ್ಸ್ ಮೈನಸ್ 2, ಎಕ್ಸ್ ಪ್ಲಸ್ 2 ಅಂತ ಒಡೆಯುತ್ತೆ, ಪಾರ್ಶಿಯಲ್ ಫ್ರ್ಯಾಕ್ಷನ್, ಅದೂ ಲಾಗ್, ಆದರೆ ಬೇರೆ ಲಾಗ್. ದೂರದಿಂದ ನೋಡಿದರೆ ಮೂರೂ ಒಂದೇ ಮುಖದ ಅಕ್ಕತಂಗಿಯರು. ಪುಸ್ತಕದಲ್ಲಿ ಮೂರೂ ಬೇರೆ ಬೇರೆ ಎಕ್ಸರ್‌ಸೈಜ್‌ನಲ್ಲಿವೆ, ಮೇಲೆ ಹೆಡಿಂಗ್ ಇದೆ, ಯಾವ ದಾರಿ ಅಂತ ಹೆಡಿಂಗೇ ಹೇಳಿಕೊಡುತ್ತೆ. ಪಾರ್ಶಿಯಲ್ ಫ್ರ್ಯಾಕ್ಷನ್ ಎಕ್ಸರ್‌ಸೈಜ್‌ನಲ್ಲಿ ಹದಿನೈದಕ್ಕೆ ಹದಿನೈದೂ ಸರಿ ಮಾಡಿದ್ದೀಯ, ನೋಡಿದೆ. ಪೇಪರಿನಲ್ಲಿ ಅದೇ ಲೆಕ್ಕಕ್ಕೆ ಟ್ಯಾನ್ ಇನ್ವರ್ಸ್ ಬರೆದು ಬಂದಿದ್ದೀಯ.

ಇದು ನಿನ್ನೊಬ್ಬಳ ಸಮಸ್ಯೆ ಅಲ್ಲ. ಡಗ್ ರೋರರ್, ಕೆಲ್ಲಿ ಟೇಲರ್ ಅನ್ನುವ ಇಬ್ಬರು ಸಂಶೋಧಕರು 2007ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕು ಥರದ ಆಕಾರಗಳ ಗಾತ್ರ ಕಂಡುಹಿಡಿಯುವ ಲೆಕ್ಕ. ಕೆಲವು ವಿದ್ಯಾರ್ಥಿಗಳಿಗೆ ಒಂದು ಥರದ್ದು ಮುಗಿದ ಮೇಲೆ ಇನ್ನೊಂದು ಥರದ್ದು, ಕೆಲವರಿಗೆ ನಾಲ್ಕನ್ನೂ ಕಲಸಿ ಕೊಟ್ಟರು. ಅಭ್ಯಾಸ ಮಾಡುವಾಗ ಮೊದಲಿನವರು ನೂರಕ್ಕೆ 89 ಸರಿ ಮಾಡಿದರು, ಕಲಸಿ ಮಾಡಿದವರು ಬರೀ 60. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಮೊದಲಿನವರು 20ಕ್ಕೆ ಇಳಿದಿದ್ದರು, ಕಲಸಿ ಮಾಡಿದವರು 63. ಅಂದರೆ ಅಭ್ಯಾಸದ ಹೊತ್ತಿನಲ್ಲಿ ದಡ್ಡರ ಥರ ಕಂಡವರೇ ವಾರದ ಮೇಲೂ ಉಳಿಸಿಕೊಂಡಿದ್ದರು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನೀನು ಒಂದು ಎಕ್ಸರ್‌ಸೈಜ್ ಪೂರ್ತಿ ಸರಿ ಮಾಡಿದ ದಿನ ನಾನು ಖುಷಿಪಡುತ್ತಿದ್ದೆ, ತಡವರಿಸಿದ ದಿನ ಮುಖ ಗಂಟು ಹಾಕುತ್ತಿದ್ದೆ. ಪೂರ್ತಿ ಉಲ್ಟಾ.

ಹಾಗಾಗಿ ಬೆಳಿಗ್ಗೆ ಒಂದು ಕೆಲಸ ಮಾಡಿದೆ. ನಿನ್ನ ಪುಸ್ತಕದ ಎಲ್ಲಾ ಪಾಠದಿಂದ ಆರಿಸಿ 60 ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಒಂದು ಡಬ್ಬಕ್ಕೆ ಹಾಕಿದ್ದೇನೆ. ಪಾಠದ ಹೆಸರಿಲ್ಲ, ಬರೀ ನಂಬರ್ ಮತ್ತು ಪ್ರಶ್ನೆ. ದಿನಕ್ಕೆ ಆರು ಎತ್ತು. ಪೆನ್ನು ಮುಟ್ಟುವ ಮುಂಚೆ ಇದು ಯಾವ ಥರದ ಲೆಕ್ಕ, ಮೊದಲ ಹೆಜ್ಜೆ ಏನು ಅಂತ ಬಾಯಲ್ಲಿ ಹೇಳು. ಸಿಕ್ಕಿಹಾಕಿಕೊಂಡರೆ ಹತ್ತು ನಿಮಿಷ ಒದ್ದಾಡು, ತಕ್ಷಣ ಉತ್ತರ ನೋಡಬೇಡ. ಆಮೇಲೂ ಆಗಲಿಲ್ಲ ಅಂದರೆ ಒಂದೇ ಒಂದು ಸಾಲು ನೋಡು, ಪುಸ್ತಕ ಮುಚ್ಚು, ಮುಂದಕ್ಕೆ ನೀನೇ ಹೋಗು. ನೋಡಿ ಮಾಡಿದ ಚೀಟಿಯನ್ನು ವಾಪಸ್ ಡಬ್ಬಕ್ಕೇ ಹಾಕು, ಅದು ಮುಗಿದಿಲ್ಲ.

ಇನ್ನೊಂದು ವಿಷಯ, ಇದು ಆ 9 ಮಾರ್ಕಿನದು. ಉತ್ತರ ಬಂದ ಕೂಡಲೇ ಕೆಳಗೆ ಎರಡು ಗೆರೆ ಎಳೆದು ಓಡಿಬಿಡುತ್ತೀಯ. ಅದರ ಮುಖವನ್ನು ಒಂದು ಸಲ ನೋಡುವುದೇ ಇಲ್ಲ. ನಿನ್ನ 14ನೇ ಪ್ರಶ್ನೆ ತೆಗೆದು ನೋಡು. ಎಕ್ಸ್ ಇಂಟು, ಬ್ರಾಕೆಟ್‌ನಲ್ಲಿ ಎಕ್ಸ್ ವರ್ಗ ಪ್ಲಸ್ 1, ಅದರ ಘನ. 0ಯಿಂದ 2ರವರೆಗೆ ಇಂಟಿಗ್ರೇಟ್ ಮಾಡಬೇಕು. ಬ್ರಾಕೆಟ್ ಒಳಗಿರುವುದನ್ನು ಯು ಅಂತ ಇಟ್ಟುಕೊಂಡೆ, ತುಂಬಾ ಸರಿ. ಆದರೆ ಲಿಮಿಟ್ಸ್, ಅಂದರೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು, ಬದಲಾಯಿಸದೆ 0, 2 ಹಾಗೇ ಉಳಿಸಿಕೊಂಡೆ, ಉತ್ತರ 2 ಅಂತ ಬಂತು. ಯು 1ರಿಂದ 5ರವರೆಗೆ ಹೋಗಬೇಕಿತ್ತು, ಆಗ 78 ಬರುತ್ತೆ. ಎಲ್ಲಿ 2, ಎಲ್ಲಿ 78! ಆದರೆ ಲಿಮಿಟ್ಸ್ ಮರೆತಿದ್ದಕ್ಕೆ ನನಗೆ ಬೇಜಾರಿಲ್ಲ, ಎಲ್ಲರೂ ಮರೆಯುತ್ತಾರೆ. ಎಕ್ಸ್ 1 ಇದ್ದಾಗಲೇ ಆ ಫಂಕ್ಷನ್ನಿನ ಬೆಲೆ 8, 2ರ ಹತ್ತಿರ ಹೋದರೆ 250. ಇಂಟಿಗ್ರೇಷನ್ ಅಂದರೆ ಗ್ರಾಫಿನ ಕೆಳಗಿನ ವಿಸ್ತೀರ್ಣ ತಾನೇ, 1ರಿಂದ 2ರ ನಡುವಿನ ವಿಸ್ತೀರ್ಣವೇ 8ಕ್ಕಿಂತ ಜಾಸ್ತಿ ಇರಬೇಕಾದರೆ ಒಟ್ಟು 2 ಬರುವುದು ಹೇಗೆ? ಹತ್ತು ಸೆಕೆಂಡು ನೋಡಿದ್ದರೆ ನಿನಗೇ ಗೊತ್ತಾಗುತ್ತಿತ್ತು.

ಡೈಸ್ ಲೆಕ್ಕದಲ್ಲೂ ಹೀಗೇ ಆಗಿದೆ. ನಾಲ್ಕು ಸಲ ಎಸೆದಾಗ ಒಂದು ಸಲವಾದರೂ 6 ಬೀಳುವ ಸಂಭವ ಎಷ್ಟು ಅಂತ ಕೇಳಿದ್ದಾರೆ. ನೀನು ಆರರಲ್ಲಿ ಒಂದನ್ನು ನಾಲ್ಕು ಸಲ ಕೂಡಿಸಿ ಆರರಲ್ಲಿ ನಾಲ್ಕು ಅಂತ ಬರೆದೆ. ಹಾಗಾದರೆ ಏಳು ಸಲ ಎಸೆದರೆ ಆರರಲ್ಲಿ ಏಳು ಅಲ್ವಾ? ಪ್ರಾಬಬಿಲಿಟಿ ಒಂದನ್ನು ದಾಟಿ ಹೋಯಿತು! "ಒಂದಾದರೂ" ಅನ್ನುವ ಪದ ಕಂಡ ಕೂಡಲೇ ತಿರುಗಿಸಿ ಯೋಚಿಸು, ಒಂದೂ ಬೀಳದೇ ಇರುವುದು ಎಷ್ಟು ಅಂತ. ಅದು ಆರರಲ್ಲಿ ಐದು, ನಾಲ್ಕು ಸಲ ಗುಣಿಸಿದ್ದು, 1296ರಲ್ಲಿ 625. ಒಂದರಿಂದ ಕಳೆದರೆ 1296ರಲ್ಲಿ 671, ಅರ್ಧಕ್ಕಿಂತ ಒಂದು ಚೂರು ಜಾಸ್ತಿ. (ಅಂದಹಾಗೆ ಈ ಪಾಠ ಬೆಳೆದಿದ್ದೇ ಪತ್ರಗಳಲ್ಲಿ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಅನ್ನುವ ಇಬ್ಬರು ಗಣಿತಜ್ಞರು ಜೂಜಿನ ಲೆಕ್ಕಗಳ ಬಗ್ಗೆ ಒಬ್ಬರಿಗೊಬ್ಬರು ಪತ್ರ ಬರೆದುಕೊಂಡರು. ಅಮ್ಮ ಲೆಕ್ಕದ ಬಗ್ಗೆ ಪತ್ರ ಬರೀತಾಳಲ್ಲಪ್ಪಾ ಅಂತ ನಗಬೇಡ.)

ತ್ರಿಕೋನಮಿತಿಯ ಆ ಪ್ರಶ್ನೆಗೆ ನಾಲ್ಕು ಉತ್ತರ ಇತ್ತು, ನೀನು ಎರಡು ಬರೆದಿದ್ದೀಯ. ಸೈನ್ 2ಎಕ್ಸ್ ಸಮ ಕಾಸ್ ಎಕ್ಸ್, 0ಯಿಂದ 360 ಡಿಗ್ರಿಯೊಳಗೆ. ಸೈನ್ 2ಎಕ್ಸ್ ಅನ್ನು 2 ಸೈನ್ ಎಕ್ಸ್ ಕಾಸ್ ಎಕ್ಸ್ ಅಂತ ಬಿಡಿಸಿ, ಎರಡೂ ಕಡೆ ಕಾಸ್ ಎಕ್ಸ್ ಇದೆ ಅಂತ ಹೊಡೆದು ಹಾಕಿದೆ. 30, 150 ಡಿಗ್ರಿ ಸಿಕ್ಕಿತು, 90 ಮತ್ತು 270 ಆ ಹೊಡೆದು ಹಾಕಿದ ಕಾಸ್ ಜೊತೆಗೇ ಹೋದವು, ಯಾಕೆಂದರೆ ಅಲ್ಲಿ ಕಾಸ್ ಸೊನ್ನೆ, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಹೊಡೆಯಬೇಡ, ಒಂದೇ ಕಡೆಗೆ ತಂದು ಕಾಮನ್ ತೆಗೆ.

ಇಂಥ ತಪ್ಪುಗಳಿಗೆ ಒಂದು ಸಣ್ಣ ಪುಸ್ತಕ ಇಡು. ಚೆಂದದ ನೋಟ್ಸ್ ಬೇಡ, ದಯವಿಟ್ಟು ಬೇಡ, ಬಣ್ಣದ ಇಂಕು ನಾನು ಅಡಗಿಸಿ ಇಡುತ್ತೇನೆ. ಒಂದು ತಪ್ಪಿಗೆ ಒಂದು ಸಾಲು. "ಯು ಇಟ್ಟರೆ ಲಿಮಿಟ್ಸ್ ಬದಲಾಯಿಸು." "ಕಾಸ್ ಹೊಡೆದೆ, ಎರಡು ಉತ್ತರ ಹೋಯಿತು." ಅಷ್ಟೇ. ನಿನ್ನ ಒಂದು ಪೇಪರಿನಲ್ಲಿ ಹುಡುಕಿದರೆ ಬೇರೆ ಬೇರೆ ತಪ್ಪು ಏಳೋ ಎಂಟೋ ಇವೆ, ಅವೇ ತಿರುಗಿ ತಿರುಗಿ ಬರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಓದುವ ಬದಲು ಈ ಒಂದು ಪುಟ ನೋಡಿ ಮಲಗು. ರಾತ್ರಿ ಎರಡು ಗಂಟೆವರೆಗೆ ಕೂತು ಹೊಸ ಪಾಠ ಹಿಡಿಯುವ ಸಾಹಸ ಬೇಡ.

ಟೈಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಲೆಕ್ಕ ನೀನೇ ಮಾಡು. 180 ನಿಮಿಷ, 100 ಮಾರ್ಕು. 5 ಮಾರ್ಕಿನದಕ್ಕೆ 9 ನಿಮಿಷ ಬಂತು. ನೀನು ಒಂದು ಮ್ಯಾಟ್ರಿಕ್ಸ್ ಲೆಕ್ಕವನ್ನು ಮೂರು ಸಲ ಹೊಡೆದು ಮೂರು ಸಲ ಬರೆದಿದ್ದೀಯ, ಅದಕ್ಕೇ 25 ನಿಮಿಷ ಹೋಗಿರುತ್ತೆ. ಮುಟ್ಟದೇ ಬಿಟ್ಟ 11 ಮಾರ್ಕಿನಲ್ಲಿ ಎರಡು ವೆಕ್ಟರ್ ಲೆಕ್ಕ, ಎರಡೂ ನಿನಗೆ ನೀರು ಕುಡಿದ ಹಾಗೆ. ಸಿಕ್ಕಿಕೊಂಡ ಲೆಕ್ಕಕ್ಕೆ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗುವುದನ್ನೂ ಅಭ್ಯಾಸ ಮಾಡಬೇಕು, ಹಾಲ್‌ನಲ್ಲಿ ತಾನಾಗಿ ಬರುವುದಿಲ್ಲ. ಹೊಡೆದು ಹಾಕುವ ಅಭ್ಯಾಸವನ್ನೂ ಬಿಡು. ಹೆಜ್ಜೆಗೆ ಮಾರ್ಕು ಕೊಡುವ ಕಡೆ, ಮಾಡಿದಷ್ಟು ಉಳಿಸಿದರೆ ಅರ್ಧವಾದರೂ ಸಿಗುತ್ತೆ. ವಾರಕ್ಕೊಂದು ಸಲ ಗಡಿಯಾರ ಇಟ್ಟುಕೊಂಡು ಪೂರ್ತಿ ಮೂರು ಗಂಟೆ ಕೂತುಕೋ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನಿನ್ನನ್ನು ಮಾತಾಡಿಸುವುದಿಲ್ಲ, ಆ ಜವಾಬ್ದಾರಿ ನನ್ನದು. ನಿನ್ನ ಫೋನೂ ನನ್ನ ಹತ್ತಿರವೇ ಇರುತ್ತೆ, ಇದಕ್ಕೆ ಚರ್ಚೆ ಇಲ್ಲ.

ಅಮ್ಮನಿಗೆ ಇದೆಲ್ಲ ಹೇಗೆ ಗೊತ್ತು ಅಂತ ನಿನಗೆ ಅನುಮಾನ ಬಂದಿರಬೇಕು. ಎಂಟು ತಿಂಗಳಿಂದ ನೀನು ಕ್ಲಾಸಿಗೆ ಹೋದ ಮೇಲೆ ನಿನ್ನ ಪುಸ್ತಕ ತೆಗೆದು ನಾನೂ ಲೆಕ್ಕ ಮಾಡುತ್ತಿದ್ದೇನೆ. ಮೊದಮೊದಲು ಡಿಫರೆನ್ಸಿಯೇಷನ್ನೇ ಮರೆತುಹೋಗಿತ್ತು. ಈಗ ಪರವಾಗಿಲ್ಲ, ಇಂಟಿಗ್ರೇಷನ್ ಬೈ ಪಾರ್ಟ್ಸ್ ವರೆಗೂ ಬಂದಿದ್ದೇನೆ, ಆದರೆ ಕೊನೆಗೆ ಪ್ಲಸ್ ಸಿ ಹಾಕುವುದನ್ನು ಇವತ್ತಿಗೂ ಮರೆಯುತ್ತೇನೆ.

ಇನ್ನು ಮೇಲೆ ಲೆಕ್ಕ ಓದಿದೆಯಾ ಅಂತ ಕೇಳುವುದಿಲ್ಲ. ಇವತ್ತು ಎಷ್ಟು ಚೀಟಿ ಡಬ್ಬಕ್ಕೆ ವಾಪಸ್ ಹೋಯಿತು ಅಂತ ಕೇಳುತ್ತೇನೆ. ಜಾಸ್ತಿ ಹೋಯಿತು ಅಂದರೆ ಮುಖ ಗಂಟು ಹಾಕುವುದಿಲ್ಲ, ಪ್ರಯತ್ನ ಮಾಡುತ್ತೇನೆ.

ಆಮೇಲೆ, 23ನೇ ನಂಬರಿನ ಚೀಟಿ ಹುಡುಕಬೇಡ, ಅದು ಡಬ್ಬದಲ್ಲಿಲ್ಲ, ನನ್ನ ಹತ್ತಿರ ಇದೆ. ಒಂದು ಪ್ಯಾರಾಬೋಲಾ ಮತ್ತು ಒಂದು ನೇರ ಗೆರೆಯ ನಡುವಿನ ವಿಸ್ತೀರ್ಣ ಕೇಳಿದ್ದಾರೆ. ನನಗೆ ಎರಡು ಸಲ ಮಾಡಿದರೂ ಮೈನಸ್‌ನಲ್ಲೇ ಬರುತ್ತಿದೆ. ಸಂಜೆ ಬಂದ ಮೇಲೆ ಎಲ್ಲಿ ತಪ್ಪಿದೆ ಅಂತ ನೋಡಿ ಹೇಳು. ಉತ್ತರ ಹೇಳಬೇಡ.

ಅಮ್ಮ