ಚಂದಾ ಎತ್ತುವವನಿಗೆ ಸಂಬಳವೋ, ಪರ್ಸೆಂಟೋ?

ಪ್ರಿಯ ಗೆಳೆಯಾ,

ಟ್ರಸ್ಟಿನವರು ಸಂಬಳದ ಬದಲು, ನೀನು ಎತ್ತಿದ ದೇಣಿಗೆಯಲ್ಲೇ ಪರ್ಸೆಂಟ್ ಕೊಡ್ತೀವಿ ಅಂತಿದ್ದಾರಲ್ವಾ? ಒಪ್ಪಬೇಡ. ಯಾಕೆ ಅಂತ ಹೇಳೋಕೆ ಚಾರ್ಲ್ಸ್ ಸಮ್ನರ್ ವಾರ್ಡ್ ಎಂಬ ಅಮೆರಿಕದವನ ಕತೆ ಬೇಕು.

ಈತ ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘದ ನೌಕರ. ಆಗೆಲ್ಲ ಕಟ್ಟಡ ನಿಧಿ ಅಂದರೆ ವರ್ಷಗಟ್ಟಲೆ ಎಳೆಯುತ್ತಿತ್ತು. ಕಾರ್ಯದರ್ಶಿಗಳು ಪಾಪ, ಸಿರಿವಂತರ ಬಾಗಿಲಲ್ಲಿ ಕಾದು ಸುಸ್ತಾಗುತ್ತಿದ್ದರು. ವಾರ್ಡ್ ಅದನ್ನು ಕೆಲವೇ ದಿನಗಳ ಕೆಲಸ ಮಾಡಿಬಿಟ್ಟ. 1905ರಲ್ಲಿ ವಾಷಿಂಗ್ಟನ್ನಿನ ವೈಎಂಸಿಎ ಕಟ್ಟಡಕ್ಕೆ ಇನ್ನೊಬ್ಬ ವೈಎಂಸಿಎ ನೌಕರ ಲೈಮನ್ ಪಿಯರ್ಸ್ ಜೊತೆ ಸೇರಿಕೊಂಡ. ಪ್ರಚಾರಕ್ಕೆ ಅಂತಲೇ ಒಬ್ಬನನ್ನು ಸಂಬಳಕ್ಕೆ ಇಟ್ಟರು. ಊರಿಗೆಲ್ಲ ಕಾಣುವಂಥ ದೊಡ್ಡ ಗಡಿಯಾರ ನಿಲ್ಲಿಸಿದರು. ದುಡ್ಡು ಬಂದಷ್ಟೂ ಅದರ ಮುಳ್ಳು ಮುಂದೆ ಹೋಗುತ್ತಿತ್ತು.

ವಾರ್ಡ್ ಪದ್ಧತಿಯಲ್ಲಿ ನನಗೆ ಮಜಾ ಅನ್ನಿಸೋದು ಮಧ್ಯಾಹ್ನದ ಊಟ. ಊರಿನ ವ್ಯಾಪಾರಸ್ಥರನ್ನು ತಂಡ ಮಾಡುತ್ತಿದ್ದರು, ತಂಡಕ್ಕೊಬ್ಬ ಕ್ಯಾಪ್ಟನ್. ಯಾರ ಹತ್ತಿರ ಯಾರು ಕೇಳಬೇಕು ಅಂತ ಮೊದಲೇ ಪಟ್ಟಿ. ಊಟಕ್ಕೆ ಒಟ್ಟಿಗೆ ಸೇರಿ, ಅವತ್ತಿನ ಲೆಕ್ಕ ಎಲ್ಲರೆದುರು ಒಪ್ಪಿಸಬೇಕು. ಪಕ್ಕದ ತಂಡ ಜಾಸ್ತಿ ತಂದಿದ್ದರೆ ತುತ್ತು ಗಂಟಲಲ್ಲಿ ಇಳಿಯುತ್ತಾ ಹೇಳು!

1917ರ ಜೂನ್‌ನಲ್ಲಿ ರೆಡ್ ಕ್ರಾಸ್‌ಗೂ ಇದೇ ದಾರಿ ಹಿಡಿದ. 10 ಕೋಟಿ ಡಾಲರ್ ಗುರಿ. ಸುಮಾರು ಒಂದು ವಾರದಲ್ಲಿ ದಾಟಿತು. ಅದು ಯುದ್ಧದ ಕಾಲ, ಕೊಡದವನನ್ನು ಊರೇ ಓರೆಗಣ್ಣಿನಲ್ಲಿ ನೋಡುತ್ತಿತ್ತು. ಆ ಒತ್ತಾಯ ನನಗೆ ಹಿಡಿಸಲ್ಲ.

ಗುರಿ, ಗಡುವು, ಗಡಿಯಾರ ಇವನ್ನೆಲ್ಲ ಆಮೇಲೆ ಎಲ್ಲರೂ ನಕಲು ಮಾಡಿದರು. ಆದರೆ ಅವನ ಸಾಲಿನವರಿಂದ ನಿಜಕ್ಕೂ ಕಲಿಯಬೇಕಾದದ್ದು ಕೂಲಿಯ ವಿಷಯ. ವೈಎಂಸಿಎಯಲ್ಲಿ ವಾರ್ಡ್ ಸಂಬಳದ ಮನುಷ್ಯ. ಅವನು ತೀರಿಕೊಂಡದ್ದು 1929ರಲ್ಲಿ. 1935ರಲ್ಲಿ ಅಮೆರಿಕದಲ್ಲಿ ಚಂದಾ ಎತ್ತಿಕೊಡುವ ಕಂಪನಿಗಳು ಸೇರಿ ಸಂಘ ಕಟ್ಟಿದಾಗ, ಕೆಲಸಕ್ಕೆ ನಿಗದಿ ಶುಲ್ಕ ಮಾತ್ರ, ಪರ್ಸೆಂಟ್ ಇಲ್ಲ ಅಂತ ನಿಯಮ ಮಾಡಿಕೊಂಡವು.

ಸರಿಯಾಗೇ ಇದೆ. ಪರ್ಸೆಂಟಿಗೆ ಬಿದ್ದವನು ಇವತ್ತಿನ 5,000ದ ಚೆಕ್ಕಿಗೆ ಕೈ ಚಾಚುತ್ತಾನೆ. ಮುಂದಿನ ವರ್ಷ ಖುಷಿಯಿಂದ 50,000 ಕೊಡಬಹುದಾದವರ ಮನೆಯಲ್ಲಿ ಸುಮ್ನೆ ಕೂತು ಕಾಫಿ ಕುಡಿದು ಬರೋ ತಾಳ್ಮೆ ಅವನಿಗೆಲ್ಲಿ? ಕೊಟ್ಟವರಿಗೂ ಅಷ್ಟೇ, ಮಕ್ಕಳ ಫೀಸಿಗೆ ಅಂತ ಕೊಟ್ಟದ್ದರಲ್ಲಿ ನಿನ್ನ ಪಾಲೆಷ್ಟು ಅಂತ ಗೊತ್ತಾದರೆ ಆಮೇಲೆ ಫೋನ್ ಎತ್ತಲ್ಲ.

ಆರು ತಿಂಗಳಿಗೆ ಇಂತಿಷ್ಟು ಸಂಬಳ ಅಂತ ಬರೆಸಿಕೋ. ಓಡಾಟದ ಖರ್ಚು ಬೇರೆ. ರಸೀದಿ ಟ್ರಸ್ಟಿನ ಹೆಸರಲ್ಲೇ ಹರಿ, ನಗದು ನಿನ್ನ ಕೈಗೆ ತಗೋಬೇಡ. ಅವರು ಏನಂದರು ಅಂತ ಬರೆ.

ನಿನ್ನ ಗೆಳೆಯ