ಡಿಸ್ಕಿನಿಂದ ಶುರು ಮಾಡು, ಅಳಿಯ

ವಿದ್ಯಾನಗರ, ದಾವಣಗೆರೆ

ಚಿ. ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಮನೆಯ ಸಿನಿಮಾ, ಫೋಟೋ ಇಡಲು ಒಂದು ಸರ್ವರ್ ಕಂಪ್ಯೂಟರ್ ಕಟ್ಟಬೇಕೆಂದು ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಮೇಲೆ ಗೇಮಿಂಗ್ ಪ್ರೊಸೆಸರ್, 750 ವ್ಯಾಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ), ಬಣ್ಣದ ಲೈಟಿನ ಫ್ಯಾನು ಮೂರು. ಕೊನೆಗೆ ಉಳಿದ ದುಡ್ಡಿಗೆ ಸಿಕ್ಕ ಅಗ್ಗದ 4 ಟಿಬಿ ಡಿಸ್ಕು ನಾಲ್ಕು. ಮದುವೆಗೆ ಶಾಮಿಯಾನ ಭರ್ಜರಿ ಹಾಕಿಸಿ ಅಕ್ಕಿಯನ್ನು ಕಡ ತಂದ ಹಾಗಿದೆ. ಪಟ್ಟಿಯನ್ನು ತಲೆಕೆಳಗು ಮಾಡು. ಅರ್ಧ ದುಡ್ಡು ಡಿಸ್ಕಿಗೆ ಎತ್ತಿಡು, ಉಳಿದದ್ದರಲ್ಲಿ ಮಿಕ್ಕ ಸಾಮಾನು ನೋಡೋಣ.

4 ಟಿಬಿಯವು ನಾಲ್ಕರ ಬದಲು 8 ಟಿಬಿಯವು ಎರಡು ತಗೋ. ಡಿಸ್ಕು ಕಡಿಮೆಯಾದಷ್ಟೂ ಬಿಸಿ ಕಡಿಮೆ, ಕರೆಂಟು ಕಡಿಮೆ, ಮುಂದೆ ಸೇರಿಸಲು ಪೋರ್ಟೂ ಉಳಿಯುತ್ತದೆ. ಹಾಕಿದ ಮೇಲೆ 7.27 ಅಂತ ತೋರಿಸಿದರೆ ಅಂಗಡಿಯವನ ಜತೆ ಜಗಳಕ್ಕೆ ನಿಲ್ಲಬೇಡ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ.

ಡಿಸ್ಕ್ ಆರಿಸುವಾಗ ಗಾತ್ರಕ್ಕಿಂತ ಮೊದಲು ಕೇಳಬೇಕಾದದ್ದು ಅದು ಸಿಎಂಆರೋ ಎಸ್‌ಎಂಆರೋ ಅಂತ. ಸಿಎಂಆರ್‌ನಲ್ಲಿ ಡಿಸ್ಕಿನ ಮೇಲೆ ಬರೆಯುವ ಟ್ರ್ಯಾಕುಗಳು ಬೇರೆ ಬೇರೆ ಇರುತ್ತವೆ. ಎಸ್‌ಎಂಆರ್‌ನಲ್ಲಿ ಅವು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನ ಸಾಲನ್ನೂ ಎತ್ತಿ ಮತ್ತೆ ಕೂರಿಸಬೇಕಲ್ಲ, ಇಲ್ಲೂ ಅದೇ. ಮೊದಲ ಕೆಲವು ಜಿಬಿ ಸರಾಗವಾಗಿ ಹೋಗಿ, ಆಮೇಲೆ ಕಾಪಿ ಆಗೋದು ತೆವಳುತ್ತದೆ. ಹಲವು ಡಿಸ್ಕುಗಳನ್ನು ಒಂದು ಗುಂಪಾಗಿ ಕಟ್ಟುವ ರೇಡ್‌ನಲ್ಲಿ ಹಾಕಿದರೆ ಒಂದು ಕೆಟ್ಟಾಗ ಮತ್ತೆ ಕಟ್ಟಲು ದಿನಗಟ್ಟಲೆ ಬೇಕು. ಆ ನಡುವೆ ಡಿಸ್ಕು ಸಕಾಲಕ್ಕೆ ಉತ್ತರ ಕೊಡದೆ ಗುಂಪಿನಿಂದಲೇ ಹೊರಗೆ ಬೀಳುವುದುಂಟು. ಡಬ್ಬಿಯ ಮೇಲಿನ ‘ನ್ಯಾಸ್’ (ಇಂಥ ಸರ್ವರಿಗೆ ತಕ್ಕದ್ದು) ಎಂಬ ಅಕ್ಷರವನ್ನೂ ನಂಬಬೇಡ. ವೆಸ್ಟರ್ನ್ ಡಿಜಿಟಲ್‌ನವರು ತಮ್ಮ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಎಸ್‌ಎಂಆರ್ ಇದೆ ಎಂದು 2020ರಲ್ಲಿ ಒಪ್ಪಿಕೊಂಡು, ಸಿಎಂಆರ್ ಇರುವವಕ್ಕೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟರು. ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ತಗೋ. ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ನಂಬರೂ ಸೀರಿಯಲ್ ನಂಬರೂ ಬರೆಸಿಕೋ, ವಾರಂಟಿ ನಮ್ಮ ದೇಶದ್ದೇ ಎಂದು ಕಂಪನಿಯ ಸೈಟಿನಲ್ಲಿ ನೋಡಿಯೇ ದುಡ್ಡು ಕೊಡು.

ಮನೆಗೆ ತಂದ ದಿನವೇ ಫೈಲು ತುಂಬಬೇಡ. ಮೊದಲು ಸ್ಮಾರ್ಟ್ ವಿವರ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ, ತೆಗೆದು ನೋಡು. 9 ಎಂಬ ನಂಬರಿನ ಸಾಲು ಎಷ್ಟು ಗಂಟೆ ಓಡಿದೆ ಅನ್ನುತ್ತದೆ. ಹೊಸ ಡಿಸ್ಕಿನಲ್ಲಿ ಅದು ಸೊನ್ನೆಯ ಆಸುಪಾಸು ಇರಬೇಕು. ಆ ಲೆಕ್ಕವನ್ನೂ ಅಳಿಸುವವರಿದ್ದಾರೆ. ಓಡಿದ ಸೀಗೇಟ್ ಡಿಸ್ಕುಗಳನ್ನು ಹಾಗೆ ತೊಳೆದು ಹೊಸದೆಂದು ಮಾರಿದ್ದು 2025ರ ಆರಂಭದಲ್ಲಿ ಯುರೋಪಿನಲ್ಲಿ ಬಯಲಾಯಿತು. ಅದನ್ನು ಹಿಡಿದದ್ದು ಡಿಸ್ಕಿನೊಳಗೇ ಇರುವ ಫಾರ್ಮ್ ಎಂಬ ಇನ್ನೊಂದು ದಾಖಲೆ. ಸೀಗೇಟ್ ತಗೊಂಡರೆ ಎರಡನ್ನೂ ತಾಳೆ ನೋಡು. ಆಮೇಲೆ ಇಡೀ ಡಿಸ್ಕನ್ನು ಓದಿ ನೋಡುವ ಲಾಂಗ್ ಟೆಸ್ಟ್ ಹಚ್ಚಿಬಿಡು, 8 ಟಿಬಿಗೆ ಅರ್ಧ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಮುಗಿದ ಮೇಲೆ ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197ನೇ ನಂಬರಿನ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಡಿಸ್ಕು ವಾಪಸ್. 199 ಏರುತ್ತಿದ್ದರೆ ಮಾತ್ರ ಡಿಸ್ಕಿನ ಮೇಲೆ ಸಿಟ್ಟಾಗಬೇಡ, ತಪ್ಪು ಬಹಳ ಮಟ್ಟಿಗೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಿನದು. ಕೇಬಲ್ ಬದಲಿಸಿ ನೋಡು.

ಪ್ರೊಸೆಸರ್ ಮಾತಿಗೆ ಬಂದರೆ, ನೀನು ಬರೆದಿರುವ 12400ಎಫ್‌ನ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಈ ಕೆಲಸಕ್ಕೆ ಬೇಕಾದದ್ದೇ ಆ ಗ್ರಾಫಿಕ್ಸ್. ಹಳೆ ಟಿವಿಗೆ ಹೆಚ್‌ಇವಿಸಿ ಎಂಬ ವಿಡಿಯೋ ಮಾದರಿ ಬಾರದಿದ್ದರೆ, ಚಿತ್ರರೂಪದ ಸಬ್‌ಟೈಟಲ್ ಇದ್ದರೆ, ಹೊರಗಿನಿಂದ ಮೊಬೈಲಿನಲ್ಲಿ ನೋಡಿದರೆ ಸರ್ವರ್ ವಿಡಿಯೋವನ್ನು ಅಲ್ಲೇ ಬದಲಿಸಿ ಕೊಡಬೇಕಾಗುತ್ತದೆ. ಆಗ ಇಂಟೆಲ್ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಬೆವರದೆ ಕೆಲಸ ಮಾಡುತ್ತದೆ. ಎಫ್ ಇಲ್ಲದ ಐ3-12100 ಧಾರಾಳ ಸಾಕು. ಎರಡೇ ಡಿಸ್ಕು, ಮುಂದೆಯೂ ಇಷ್ಟೇ ಅನ್ನುವುದಾದರೆ 6 ವ್ಯಾಟಿನ ಎನ್100 ಬೋರ್ಡೂ ಆದೀತು, ಆದರೆ ಅದರಲ್ಲಿ ಸಾಟಾ ಪೋರ್ಟು ಸಾಮಾನ್ಯವಾಗಿ ಎರಡೇ. ಐ3ಗೆ ಹೊಂದುವ ಎಚ್610 ಬೋರ್ಡಿನಲ್ಲಿ ನಾಲ್ಕು ಸಿಗುತ್ತವೆ. ಕಚೇರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಪುಟ್ಟ ಡೆಸ್ಕ್‌ಟಾಪ್ ಅಗ್ಗ ಅಂತ ಆಸೆ ಪಡಬೇಡ. ಬಹಳಷ್ಟರಲ್ಲಿ ದೊಡ್ಡ ಡಿಸ್ಕಿಗೆ ಒಂದೇ ಜಾಗ, ಎಸ್‌ಎಂಪಿಎಸ್ಸೂ ಅದರದೇ ಅಳತೆಯದು.

ರ‍್ಯಾಮ್ 8 ಜಿಬಿ, ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಹಾಕುವೆಯಾದರೆ 16. ಓಎಸ್‌ಗೆ 256 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಒಂದು. ಪೆನ್ ಡ್ರೈವಿನಿಂದ ಬೂಟ್ ಮಾಡುವ ಜಿಪುಣತನ ಬೇಡ.

ಎಸ್‌ಎಂಪಿಎಸ್‌ಗೆ ಲೆಕ್ಕ ಹಾಕಿ ನೋಡು. ಡಿಸ್ಕು ತಿರುಗಲು ಶುರುವಾಗುವ ಹೊತ್ತಿಗೆ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವ್ಯಾಟ್. ನಾಲ್ಕಿದ್ದರೂ ನೂರರ ಒಳಗೆ. ಒಳ್ಳೆ ಕಂಪನಿಯ 450 ವ್ಯಾಟಿನದು ಬೇಕಾದಷ್ಟಾಯಿತು. ವ್ಯಾಟಿಗಿಂತ ಅದರಲ್ಲಿ ಸಾಟಾ ಪವರ್ ಕನೆಕ್ಟರ್ ನಾಲ್ಕಾದರೂ ಇದೆಯೇ ನೋಡು. ಇಲ್ಲದಿದ್ದರೆ ಅಂಗಡಿಯಲ್ಲಿ ಮೋಲೆಕ್ಸ್‌ನಿಂದ ಸಾಟಾಗೆ ಅಂತ ಒಂದು ಪುಟ್ಟ ವೈರ್ ಕೊಡುತ್ತಾರೆ. ವೈರು ಕನೆಕ್ಟರಿನೊಳಗೆ ಹೋಗುವ ಜಾಗ ಬೆಳಕಿಗೆ ಹಿಡಿದು ನೋಡು. ಪ್ಲಾಸ್ಟಿಕ್ ಎರಕ ಹೊಯ್ದು ಒಂದೇ ಮುದ್ದೆಯಾಗಿದ್ದರೆ ಮುಟ್ಟಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಹೊತ್ತಿಕೊಂಡ ನಿದರ್ಶನ ಬೇಕಾದಷ್ಟಿವೆ. ಇನ್ನೊಂದು: ಮಾಡ್ಯುಲರ್ ಎಸ್‌ಎಂಪಿಎಸ್‌ನ ಕೇಬಲನ್ನು ಬೇರೆ ಎಸ್‌ಎಂಪಿಎಸ್‌ಗೆ ಚುಚ್ಚಲೇಬೇಡ. ತೂತು ಒಂದೇ ಥರ ಕಂಡರೂ ಪಿನ್ನಿನ ಕ್ರಮ ಬೇರೆ. 5 ವೋಲ್ಟಿನ ಜಾಗಕ್ಕೆ 12 ಹೋದರೆ ಎಲ್ಲ ಡಿಸ್ಕೂ ಒಂದೇ ಏಟಿಗೆ ಹೋಗುತ್ತವೆ.

ನಿಮ್ಮ ಚಿತ್ರದುರ್ಗದ ಬಂಡೆ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಕೂರುವುದು ಕಷ್ಟ. ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿದ್ದರೆ ಅರ್ಥ್ ಇಲ್ಲ ಅಂತಲೇ ಅರ್ಥ. ಎಲೆಕ್ಟ್ರಿಷಿಯನ್‌ನಿಂದ ಮೀಟರ್ ಹಚ್ಚಿಸು: ಫೇಸಿಗೂ ಅರ್ಥಿಗೂ 230ರ ಹತ್ತಿರ, ನ್ಯೂಟ್ರಲಿಗೂ ಅರ್ಥಿಗೂ 3 ವೋಲ್ಟಿನ ಒಳಗೆ ಬರಬೇಕು. ಮನೆಯ ಇನ್ವರ್ಟರನ್ನೇ ನಂಬುವುದಾದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸು, ಇಲ್ಲದಿದ್ದರೆ ಕರೆಂಟು ಬದಲಾಗುವ ಗ್ಯಾಪಿನಲ್ಲಿ ಸರ್ವರ್ ರೀಸ್ಟಾರ್ಟ್ ಆಗಿಬಿಡುತ್ತದೆ. ನನ್ನ ಮಾತು ಕೇಳುವುದಾದರೆ ಯುಎಸ್‌ಬಿ ಪೋರ್ಟ್ ಇರುವ ಸಣ್ಣ ಯುಪಿಎಸ್ ಬೇರೆಯೇ ತಗೋ. ಬ್ಯಾಟರಿ ಇಳಿದಾಗ ಸರ್ವರ್ ತಾನೇ ಆಫ್ ಆಗುವಂತೆ ನಟ್ ಎಂಬ ಪ್ರೋಗ್ರಾಮಿನಲ್ಲಿ ಹೇಳಿಡಬಹುದು. ಅಗ್ಗದ ಬಹಳಷ್ಟು ಯುಪಿಎಸ್‌ಗಳಲ್ಲಿ ಆ ಪೋರ್ಟೇ ಇರುವುದಿಲ್ಲ.

ಕರೆಂಟಿನ ಬಿಲ್ಲು ಅಕ್ಕ ಕೇಳಿಯೇ ಕೇಳುತ್ತಾಳೆ. 40 ವ್ಯಾಟ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 29 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಸರಾಸರಿ 120 ಇದ್ದರೆ ಶೇ. 10 ಸೇರಿ ಉಚಿತ ಮಿತಿ 132. ಈಗ 149 ಆಗಿ 17 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿತೋ, ಪೂರ್ತಿ ಬಿಲ್ಲೇ ಕೈಗೆ.

ಅದಕ್ಕೇ ನಾನು ರೇಡ್-5 ಅನ್ನದೆ ಡಿಸ್ಕುಗಳನ್ನು ಒಂದೇ ಜಾಗದಂತೆ ತೋರಿಸುವ ಮರ್ಜರ್‌ಎಫ್‌ಎಸ್ ಮತ್ತು ಕೆಟ್ಟ ಡಿಸ್ಕಿನದನ್ನು ಮರಳಿ ಕಟ್ಟಿಕೊಡುವ ಸ್ನ್ಯಾಪ್‌ರೇಡ್ ಅನ್ನುವುದು. ರೇಡ್-5ರಲ್ಲಿ ಒಂದು ಸಿನಿಮಾ ಹಾಕಿದರೂ ಎಲ್ಲ ಡಿಸ್ಕೂ ತಿರುಗಬೇಕು. ಇಲ್ಲಿ ಸಿನಿಮಾ ಇರುವುದು ಮಾತ್ರ ಎದ್ದು, ಮಿಕ್ಕವು ಮಲಗಿರುತ್ತವೆ. ಈಗ ಒಂದು ಡೇಟಾಗೆ, ಒಂದು ಪ್ಯಾರಿಟಿಗೆ, ಅಂದರೆ ಮರಳಿ ಕಟ್ಟಲು ಬೇಕಾದ ಲೆಕ್ಕ ಇಡುವುದಕ್ಕೆ. ಮೂರನೆಯದು ಸೇರಿಸಿದಾಗ ಜಾಗ 16 ಟಿಬಿ. ಪ್ಯಾರಿಟಿಯದು ಎಲ್ಲಕ್ಕಿಂತ ದೊಡ್ಡದೋ ಸಮವೋ ಇರಬೇಕು, ಮರೆಯಬೇಡ. ಇದರ ಕುಂದೂ ಕೇಳು: ರಾತ್ರಿ ಸಿಂಕ್ ಆಗುವ, ಅಂದರೆ ಆ ಲೆಕ್ಕ ಹೊಸದಾಗುವ ತನಕ ಅಂದು ಹಾಕಿದ ಫೈಲಿಗೆ ರಕ್ಷಣೆ ಇಲ್ಲ. ಸಿನಿಮಾಕ್ಕೆ ಅಡ್ಡಿಯಿಲ್ಲ, ದಿನಾ ತಿದ್ದುವ ಕಡತಗಳಿಗೆ ಒಗ್ಗದು. ಮೇಲೆ ಸರ್ವರ್ ನೋಡಿಕೊಳ್ಳಲು ಓಪನ್‌ಮೀಡಿಯಾವಾಲ್ಟ್, ಸಿನಿಮಾ ತೋರಿಸಲು ಜೆಲ್ಲಿಫಿನ್ ಹಾಕಿಕೋ, ಎರಡೂ ಪುಕ್ಕಟೆ.

ಕ್ಯಾಬಿನೆಟ್ಟಿನಲ್ಲಿ ಡಿಸ್ಕಿನ ಮುಂದೆಯೇ 120 ಎಂಎಂ ಫ್ಯಾನು, ಅದರ ಮುಂದೆ ತೊಳೆಯಲು ಬರುವ ಜಾಲರಿ. ಬಾಗಿಲು ಹಾಕುವ ಟಿವಿ ಶೋಕೇಸಿನೊಳಗೆ ಬೇಡ, ಅಟ್ಟದ ಮೇಲಂತೂ ಬೇಡವೇ ಬೇಡ. ಏಪ್ರಿಲ್‌ನಲ್ಲಿ ತಾರಸಿ ಕಾದರೆ ಅಲ್ಲಿ ಡಿಸ್ಕು ಬೇಯುತ್ತದೆ. ಕಾಪಿ ಆಗುವಾಗಲೂ 45 ಡಿಗ್ರಿ ದಾಟದ ಹಾಗೆ ನೋಡಿಕೋ. ರೂಟರಿಗೆ ಎಂಟೂ ತಂತಿ ಇರುವ ಕ್ಯಾಟ್5ಇ ಕೇಬಲ್ ಎಳೆ. ನಾಲ್ಕೇ ತಂತಿ ಕೂತರೆ ವೇಗ ಗಿಗಾಬಿಟ್‌ನಿಂದ 100 ಮೆಗಾಬಿಟ್ಟಿಗೆ ಇಳಿಯುತ್ತದೆ. ಗಿಗಾಬಿಟ್ಟಿನಲ್ಲೇ 8 ಟಿಬಿ ತುಂಬಲು 20 ಗಂಟೆ ಬೇಕು.

ಸಿನಿಮಾ ಹೋದರೆ ಮತ್ತೆ ಸಿಕ್ಕೀತು. ಅಕ್ಕನ ಮದುವೆಯ ಕ್ಯಾಸೆಟ್ಟಿನಿಂದ ತೆಗೆದದ್ದು, ಮನೆಯ ಫೋಟೋಗಳು ಹೋದರೆ ಹೋದವೇ. ಡಿಸ್ಕು ಕೆಟ್ಟಾಗ ಪ್ಯಾರಿಟಿ ಕಾಯುತ್ತದೆ. ನೀನೇ ಅಳಿಸಿದ್ದು ಸಿಂಕ್ ಆಗಿಹೋದರೆ, ಸಿಡಿಲು ಹೊಡೆದರೆ ಕಾಯುವುದಿಲ್ಲ. ಅವಿಷ್ಟನ್ನು 2 ಟಿಬಿಯ ಯುಎಸ್‌ಬಿ ಡಿಸ್ಕಿಗೆ ಬೇರೆ ಹಾಕಿ, ದಸರಾಕ್ಕೆ ಬರುವಾಗ ತಾ. ಬಸ್ಸಿನಲ್ಲಿ ಲಗೇಜಿಗೆ ಹಾಕಬೇಡ, ತೊಡೆಯ ಮೇಲಿರಲಿ. ಇಲ್ಲಿ ಬೀರುವಿನ ಮೇಲರೆ ಖಾಲಿ ಮಾಡಿಸಿಟ್ಟಿರುತ್ತೇನೆ.

ಭಾವನವರಿಗೆ ನಮಸ್ಕಾರ ಹೇಳು. ತಿದ್ದಿದ ಪಟ್ಟಿ ಕಳಿಸು, ನೋಡಿ ಹೇಳುವ ತನಕ ಯಾವುದಕ್ಕೂ ಅಡ್ವಾನ್ಸ್ ಕೊಡಬೇಡ.

ಇಂತಿ,
ನಿನ್ನ ಮಾವ