ಪತ್ರ ಓದಿ ಹೇಳಿದ ಕಾಕಾನಿಗೆ, ಮಾತಾಡಿದ ಎಲ್ಲ ಅವ್ವಂದಿರಿಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಮಾಜಿ ಸೈನಿಕರ ಮತ್ತು ಅವರ ಮನೆಯವರ ನೆನಪುಗಳನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಡುವ ಕೆಲಸ ಈ ತಿಂಗಳು ಮುಗಿಯಿತು. ಮಾತಾಡಿದ ಪ್ರತಿ ಮನೆಗೂ ಪೆನ್‌ಡ್ರೈವ್ ತಲುಪಿದೆ. ಒಂದು ಪ್ರತಿ ನಮ್ಮ ಶಾಲೆಯ ಕಂಪ್ಯೂಟರಿನಲ್ಲಿದೆ. ಇದಕ್ಕೆ ನೆರವಾದವರು ಬಹಳ ಜನ. ಎದುರಿಗೆ ಸಿಕ್ಕಾಗ ಗಂಟಲು ಕಟ್ಟಿ ಮಾತೇ ಬರುತ್ತಿರಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರೂ ಹಾಕಿಲ್ಲ. ಓದುವಾಗ ನಿಮ್ಮ ಮಾತು ನಿಮಗೆ ಗುರುತು ಸಿಗುತ್ತದೆ.

ನಾನೂ ಸೈನಿಕರ ಮನೆಯವಳೇ. ಅಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರಿನಲ್ಲಿ ತರಬೇತಿ. ಈ ಪಡೆಯವರನ್ನು ಸೇನೆಯಲ್ಲಿ ಪ್ರೀತಿಯಿಂದ ‘ತಂಬಿ’ ಅಂತ ಕರೆಯುತ್ತಾರೆ. ದಾರಿ ಮಾಡುವುದು, ಹೊಳೆಗೆ ಸೇತುವೆ ಹಾಕುವುದು, ನೆಲದಲ್ಲಿ ಹುಗಿದ, ತುಳಿದರೆ ಸಿಡಿಯುವ ಮೈನು ತೆಗೆಯುವುದು ಇವರ ಕೆಲಸ. 1971ರಲ್ಲಿ ಅಪ್ಪ ಪೂರ್ವದ ಗಡಿಯಲ್ಲಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಬದುಕಿದ್ದಾಗಲೂ ಯುದ್ಧದ ಮಾತು ತೆಗೆದವರಲ್ಲ. ಹಾಗಾಗಿ ಈ ಕೆಲಸ ಶುರು ಮಾಡಿದಾಗ ಮೊದಲು ಕೂರಿಸಿದ್ದು ಅವ್ವನನ್ನು. "ನನಗೇನು ಗೊತ್ತೈತಿ? ನಾನೇನು ಯುದ್ಧಕ್ಕ ಹೋಗಿದ್ನೇನು?" ಅಂದಳು. ಆಮೇಲೆ ಊರು ಮಲಗುವ ತನಕ ಮಾತಾಡಿದಳು.

ಪುಸ್ತಕದಲ್ಲಿ ಆ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗಿಯುತ್ತದೆ. ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು, ಸುಮಾರು 93,000 ಜನ ಸೆರೆಯಾದರು. ಅವ್ವನ ಲೆಕ್ಕ ಬೇರೆ. ದೀಪಾವಳಿಗೆ ರಜೆ ಮೇಲೆ ಬರ್ತೀನಿ ಅಂದಿದ್ದ ಅಪ್ಪ ಬರಲಿಲ್ಲ. ಅವಳ ಯುದ್ಧ ಶುರುವಾಗಿದ್ದು ಆವತ್ತು. ಗೆದ್ದ ಸುದ್ದಿ ರೇಡಿಯೋದಲ್ಲಿ ಬಂದ ಹೊತ್ತಿಗೆ ಎಳ್ಳಮಾವಾಸ್ಯೆ. ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರು. ದೇಶ ಗೆದ್ದಿತ್ತು, ಗಂಡ ಇದ್ದಾನೋ ಇಲ್ಲವೋ ಗೊತ್ತಿರಲಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಹೊತ್ತು ಅವಳೂ ಹೊಲಕ್ಕೆ ಹೋದಳು. ಅತ್ತೆ ಬೆಳೆಗೆ ಎಡೆ ಎರಚುತ್ತಾ ಚರಗ ಚೆಲ್ಲುವಾಗ ಹಿಂದೆ ನೀರು ಹಾಕುತ್ತಾ ನಡೆದಳು. "ಅಳಬಾರ್ದು, ಹಬ್ಬದ ದಿನ ಅಳಬಾರ್ದು ಅಂತ ತುಟಿ ಕಚ್ಚಿ ಕಚ್ಚಿ ಬಾವು ಬಂದಿತ್ತು" ಅಂದಳು. ಅಪ್ಪನ ಪತ್ರ ಬಂದಿದ್ದು ಸಂಕ್ರಾಂತಿ ದಾಟಿದ ಮೇಲೆ. 13 ದಿನದ ಯುದ್ಧ ನಮ್ಮ ಮನೆಯಲ್ಲಿ ಮೂರು ತಿಂಗಳು ನಡೆದಿತ್ತು.

ಮುಂದೆ ಯಾವ ಮನೆಗೆ ಹೋದರೂ ಹೆಂಗಸರ ಲೆಕ್ಕ ಹೀಗೇ ಇತ್ತು. ಗಂಡಸರು ತಾರೀಖು ಹೇಳುತ್ತಿದ್ದರು, ಗಡಿ ಪೋಸ್ಟಿನ ಹೆಸರು ಹೇಳುತ್ತಿದ್ದರು. ಹೆಂಗಸರು ಯಾವ ಹಬ್ಬ, ಯಾವ ಬೆಳೆ, ಹೊಟ್ಟೆಯಲ್ಲಿ ಎಷ್ಟನೇ ತಿಂಗಳು ಅಂತ ಹೇಳುತ್ತಿದ್ದರು. ಇವರನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಆಗಸ್ಟ್ 15ಕ್ಕೆ ಅಜ್ಜಂದಿರಿಗೆ ಶಾಲು ಹೊದಿಸಿ ಫೋಟೊ ತೆಗೆಸಿ ಕಳಿಸುತ್ತೇವೆ, ಅಲ್ವಾ? ಪಕ್ಕದಲ್ಲಿ ಕೂತ ಅಜ್ಜಿಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ. ಹಾಗಾಗಿ ನನ್ನ ಮೊದಲ ನಮಸ್ಕಾರ ಕ್ಯಾಮೆರಾ ಮುಂದೆ ಸೆರಗು ಸರಿಮಾಡಿಕೊಂಡು, ನಾಚಿಕೊಂಡು, ಆಮೇಲೆ ಎಲ್ಲ ಹೇಳಿದ ಅವ್ವಂದಿರಿಗೆ.

ಅವರಲ್ಲಿ ಹಿರಿಯರಾದ ಅಜ್ಜಿಯೊಬ್ಬರು 1965ರ ಮಾತು ಹೇಳಿದರು. ಆಗ ದೇಶದಲ್ಲಿ ಯುದ್ಧವೂ ಇತ್ತು, ಮಳೆಯೂ ಇರಲಿಲ್ಲ. ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿ ಊಟ ಬಿಡಿ ಅಂತ ಪ್ರಧಾನಿ ಶಾಸ್ತ್ರಿಯವರು ಜನರನ್ನು ಕೇಳಿಕೊಂಡಿದ್ದರು. "ನಾವು ಮೊದಲೇ ಸೋಮವಾರ ಒಪ್ಪತ್ತು ಮಾಡೋರು. ಶಾಸ್ತ್ರಿ ಹೇಳ್ಯಾರ ಅಂತ ನಾನು ಗುರುವಾರ ಇನ್ನೊಂದು ಹಿಡಿದೆ. ನಮ್ಮನೆಯವರು ಯುದ್ಧದಿಂದ ಬಂದ್ರು, ಆದ್ರೂ ಬಿಡ್ಲಿಲ್ಲ" ಅಂದರು. ಇವತ್ತಿಗೂ ಗುರುವಾರ ಆ ಮನೆಯಲ್ಲಿ ಅಜ್ಜಿಗೆ ರಾತ್ರಿ ಊಟವಿಲ್ಲ. ಸೊಸೆಗೆ ಅದರ ಕಾರಣ ಗೊತ್ತಾಗಿದ್ದು ನಾವು ರೆಕಾರ್ಡ್ ಮಾಡಿದ ದಿನ.

ಈಗ ಅಂಚೆ ಕಾಕಾನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಗ ಸೈನಿಕರಿಗೆ ಪತ್ರ ಬರೆಯಬೇಕಾದರೆ ಹೆಸರು, ನಂಬರು, ಯೂನಿಟ್ಟು ಬರೆದು ಕೆಳಗೆ 56 ಎ.ಪಿ.ಒ. ಅಂತ ಹಾಕಬೇಕಿತ್ತು. ಅದು ಸೇನೆಯ ಅಂಚೆ. ಮಗ ಕಾಶ್ಮೀರದಲ್ಲಿರಲಿ, ರಾಜಸ್ಥಾನದಲ್ಲಿರಲಿ, ವಿಳಾಸ ಅದೇ. ಪೂರ್ವದ ಕಡೆಯಾದರೆ 99. ಎಲ್ಲಿದ್ದೇನೆ ಅಂತ ಅವರೂ ಬರೆಯುವಂತಿರಲಿಲ್ಲ. ‘ನಾನು ಕ್ಷೇಮ, ನೀವು ಕ್ಷೇಮವಾಗಿರಿ, ಎತ್ತಿಗೆ ಹುಷಾರಾಯಿತೇ’ ಇಷ್ಟೇ. ಒಬ್ಬ ತಾಯಿ ಐವತ್ತಾರು ಅನ್ನುವ ಊರು ಎಲ್ಲೈತಿ, ಬಸ್ಸು ಹೋಗ್ತದೇನು ಅಂತ ಕಾಕಾನನ್ನು ಕೇಳುತ್ತಿದ್ದರಂತೆ. "ಭಾಳ ದೂರ ಐತವ್ವ, ಆದ್ರ ಪತ್ರ ಮಾತ್ರ ಮುಟ್ಟತಾವ" ಅಂತ ಕಾಕಾ ಹೇಳುತ್ತಿದ್ದರು.

ಓದು ಬಾರದ ಮನೆಗಳಲ್ಲಿ ಪತ್ರ ಓದುತ್ತಿದ್ದದ್ದೂ ಕಾಕಾನೇ, ಉತ್ತರ ಬರೆಯುತ್ತಿದ್ದದ್ದೂ ಕಾಕಾನೇ. ಗಂಡ ಹೆಂಡತಿ ನಡುವಿನ ಮಾತು ಮೂರನೆಯವರ ಬಾಯಿಂದ ಬರಬೇಕು. ಎಷ್ಟು ಕಷ್ಟ ನೋಡಿ. ಅಪ್ಪನಿಗೆ ಅದು ಗೊತ್ತಿತ್ತು. ಅವರ ಪ್ರತಿ ಪತ್ರದ ಮೊದಲ ಸಾಲು ‘ಓದುವವರಿಗೆ ನಮಸ್ಕಾರ’ ಅಂತ. ಟ್ರಂಕಿನಲ್ಲಿ ಅವ್ವ ಎತ್ತಿಟ್ಟ ಪತ್ರಗಳಲ್ಲಿ ಅದನ್ನು ನಾನು ಕಣ್ಣಾರೆ ನೋಡಿದೆ.

ತಾರು ಬಂದರೆ ಇನ್ನೂ ಕಷ್ಟ. ರಜೆ ಸಿಕ್ಕಿದೆ, ಬರುತ್ತೇನೆ ಅಂತಲೂ ತಾರು ಬರುತ್ತಿತ್ತು. ಆದರೆ ಸೈಕಲ್ ಕಂಡ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಅದಕ್ಕೆ ಕಾಕಾ ಓಣಿಯ ತುದಿಯಿಂದಲೇ "ಚಲೋ ಸುದ್ದಿ ಐತ್ರೋ!" ಅಂತ ಕೂಗಿಕೊಂಡು ಬರುತ್ತಿದ್ದರು. ಕೂಗದೆ ಬಂದ ದಿನಗಳ ಬಗ್ಗೆ ಅವರು ಜಾಸ್ತಿ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಕಾಕಾನನ್ನು ಮನೆಗೆ ಕರೆದು ಅವ್ವನ ಎದುರು ಕೂರಿಸಿದೆವು. ಅಪ್ಪನ ಆ ಸಂಕ್ರಾಂತಿಯ ಪತ್ರ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದುತ್ತಾ ಹೋದರು. ಒಂದು ಕಡೆ ನಿಲ್ಲಿಸಿದರು. "ಯವ್ವಾ, ಇಲ್ಲಿ ನಾಕು ಸಾಲು ಅವತ್ತು ನಾ ಓದ್ಲಿಲ್ಲ" ಅಂದರು. ಅಪ್ಪನ ಜೊತೆಗಾರರೊಬ್ಬರು ಮೈನು ತೆಗೆಯುವಾಗ ತೀರಿಕೊಂಡಿದ್ದನ್ನು ಅಲ್ಲಿ ಬರೆದಿತ್ತು. ಅವ್ವನಿಗೆ ಆಗ ದಿನ ತುಂಬುತ್ತಿತ್ತು, ಕೇಳಿದರೆ ಏನಾದೀತೋ ಅಂತ ಕಾಕಾ ಬಿಟ್ಟಿದ್ದರು. ಅಷ್ಟು ವರ್ಷ ಅದನ್ನು ಒಬ್ಬರೇ ಹೊತ್ತುಕೊಂಡಿದ್ದರು. ಅವ್ವ ಸ್ವಲ್ಪವೂ ಬೆಚ್ಚಲಿಲ್ಲ. "ಏನೋ ಬಿಟ್ರಿ ಅಂತ ಆಗ್ಲೇ ಗೊತ್ತಾಗಿತ್ತು ಅಣ್ಣಾ. ಅಲ್ಲಿ ನಿಮ್ಮ ದನಿ ಸಣ್ಣಗಾಗಿತ್ತು" ಅಂದಳು. ಆಮೇಲೆ ಆ ನಾಲ್ಕು ಸಾಲು ಓದಿಸಿಕೊಂಡಳು. ಇಬ್ಬರೂ ಅತ್ತರು. ಅಪ್ಪ ಯಾಕೆ ಯುದ್ಧದ ಮಾತು ತೆಗೆಯುತ್ತಿರಲಿಲ್ಲ ಅಂತ ನನಗೆ ಆವತ್ತು ಅರ್ಥವಾಯಿತು.

ಕಾಕಾ, ನಿಮ್ಮ ಪೆನ್ಷನ್ನಿನ ಕಾಗದದಲ್ಲಿ ಈ ಕೆಲಸ ಎಲ್ಲೂ ಬರೆದಿರುವುದಿಲ್ಲ. ಎಷ್ಟು ಮನೆಗಳನ್ನು ನೀವು ಹಿಡಿದು ನಿಲ್ಲಿಸಿದ್ದೀರಿ ಅಂತ ನನಗೆ ಗೊತ್ತು. ನಿಮ್ಮ ಕಾಲಿಗೆ ನಮಸ್ಕಾರ.

ಸೈನಿಕರ ಮಾತಿಗೆ ಬರುತ್ತೇನೆ. ಲಿಂಗಸುಗೂರು ಕಡೆಯ ಹಿರಿಯರೊಬ್ಬರು 1971ರ ಯುದ್ಧ ಗೆದ್ದ ಮೇಲಿನ ಕಥೆ ಹೇಳಿದರು. ಸೆರೆಯಾದವರ ಕ್ಯಾಂಪಿನಲ್ಲಿ ಅವರಿಗೆ ಕಾವಲಿನ ಕೆಲಸ. ಸೆರೆಯಾದ ಬಹುಪಾಲು ಜನ ಮನೆಗೆ ಹೊರಟಿದ್ದು 1973ರ ಆಗಸ್ಟ್‌ನಲ್ಲಿ ದೆಹಲಿ ಒಪ್ಪಂದವಾದ ಮೇಲೆ. ಅಲ್ಲಿಯವರೆಗೆ ರೆಡ್ ಕ್ರಾಸ್ ಮೂಲಕ ಬರುವ ಪತ್ರವೇ ಅವರಿಗೆ ಮನೆ. "ಅವರೂ ಪತ್ರದ ದಾರೀನೇ ಕಾಯ್ತಿದ್ರು ಯವ್ವಾ. ನಮ್ಮವ್ವನೂ ಊರಾಗ ಹಿಂಗೇ ಕಾಯ್ತಾಳಲ್ಲ ಅನಿಸೋದು" ಅಂದರು. ಆಗಲೇ ಇಲ್ಲಿ ರಾಯಚೂರು ಜಿಲ್ಲೆಯಲ್ಲಿ 1972ರ ಬರ. ಇವರ ಮನಿಯಾರ್ಡರ್ ಬಂದ ದಿನ ಮಾತ್ರ ಒಲೆ ಹೊತ್ತುತ್ತಿತ್ತಂತೆ.

ಶ್ರೀಲಂಕಾಕ್ಕೆ ಹೋಗಿದ್ದವರು ಮಾತಾಡೋಕೆ ಹಿಂಜರಿದರು. ಒತ್ತಾಯ ಮಾಡಿದ್ದಕ್ಕೆ ಒಪ್ಪಿಕೊಂಡಿರಿ, ನಿಮಗೆ ವಿಶೇಷ ನಮಸ್ಕಾರ. 1987ರಿಂದ 1990ರವರೆಗೆ ಶಾಂತಿ ಕಾಯಲು ಅಂತ ಹೋದ ನಮ್ಮ ಪಡೆಯಲ್ಲಿ ಸುಮಾರು 1,200 ಜನ ವಾಪಸ್ ಬರಲಿಲ್ಲ. "ಕಾರ್ಗಿಲ್‌ಗೆ ಒಂದು ದಿನ ಐತಿ, ಎಪ್ಪತ್ತೊಂದಕ್ಕೆ ಒಂದು ದಿನ ಐತಿ. ನಮಗ ಯಾವ ದಿನ?" ಅಂತ ನೀವು ಕೇಳಿದ್ದು ಸರಿ. ನನ್ನ ಹತ್ತಿರ ಉತ್ತರವಿಲ್ಲ. ಆದರೆ ನಮ್ಮ ಶಾಲೆಯ ಮಕ್ಕಳು ಆವತ್ತಿನಿಂದ ಆ ಯುದ್ಧದ ಬಗ್ಗೆ ಕೇಳುತ್ತಿದ್ದಾರೆ, ಓದುತ್ತಿದ್ದಾರೆ.

ನಾನು ಎಣಿಸದೇ ಇದ್ದದ್ದು ನಡೆದದ್ದು ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನಲ್ಲಿ. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಮನೆ ಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಜಾಗ ಅದು. ಅಪ್ಪನ ಹಾಗೆಯೇ ಪೂರ್ವದ ಗಡಿಯಲ್ಲಿದ್ದ ಅಜ್ಜನೊಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿಯ ಹಿರಿಯರ ಜೊತೆ ಅವರು ಹರಕು ಮುರುಕು ಬಂಗಾಳಿಯಲ್ಲಿ ಮಾತಾಡಿದರು, ಆ ಹಿರಿಯರು ನಮ್ಮ ರಾಯಚೂರು ಕನ್ನಡದಲ್ಲೇ ಉತ್ತರ ಕೊಟ್ಟರು. ಮೇಘನಾ ಹೊಳೆ ಎಷ್ಟು ಅಗಲ, ಆಚೆ ದಡ ಕಾಣುತ್ತಿರಲಿಲ್ಲ, ಊರ ಜನ ಹೆಗಲ ಮೇಲೆ ಸಾಮಾನು ಹೊತ್ತು ದಾರಿ ತೋರಿಸಿದರು ಅಂತ ಅಜ್ಜ ಹೇಳುತ್ತಿದ್ದರೆ ಆ ಹಿರಿಯರು ಅವರ ಕೈ ಬಿಡಲೇ ಇಲ್ಲ. ಮಧ್ಯಾಹ್ನ ಅನ್ನ, ಮೀನು ಮಾಡಿ ಬಡಿಸಿದರು. ಮೀನು ತಿನ್ನದ ನನಗೆ ಬೇರೆ ಪಲ್ಯ ಮಾಡಿದ್ದರು. ಆ ಮನೆಯವರಿಗೆ ನಾನು ಎಷ್ಟು ಹೇಳಿದರೂ ಕಡಿಮೆ.

1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ತಾರಿನ ಜಾಗಕ್ಕೆ ಎಸ್‌ಟಿಡಿ ಬೂತು ಬಂದಿತ್ತು. ರಜೆ ಮೇಲೆ ಬಂದವರನ್ನು ಅರ್ಧಕ್ಕೇ ವಾಪಸ್ ಕರೆಸಿಕೊಂಡರು. ಹಸಿ ಬಾಣಂತಿಯೊಬ್ಬರು ಕೂಸು ಎತ್ತಿಕೊಂಡು ರಾಯಚೂರು ಸ್ಟೇಷನ್ನಿಗೆ ಹೋಗಿ ಗಂಡನನ್ನು ರೈಲು ಹತ್ತಿಸಿ ಬಂದರು. ಆಮೇಲೆ ಟಿವಿಯಲ್ಲಿ ದಿನಾ ಶವಪೆಟ್ಟಿಗೆಗಳು. ಆ ಯುದ್ಧದಲ್ಲಿ 527 ಸೈನಿಕರು ಹೋದರು. ಫೋನ್ ಬಂದರೆ ಅಂಗಡಿ ಬಿಟ್ಟು ಓಣಿ ತನಕ ಓಡಿ ಬಂದು ಕರೆಯುತ್ತಿದ್ದ ಬೂತಿನ ಅಣ್ಣನನ್ನು ಆ ಅಕ್ಕ ಇನ್ನೂ ನೆನೆಯುತ್ತಾರೆ. ಅಣ್ಣಾ, ಅವರ ಪರವಾಗಿ ನಾನೂ ನಿಮಗೆ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಒಬ್ಬರು ಅಕ್ಕ ಮಾತಾಡಲಿಲ್ಲ. ಅವರ ಮನೆಯವರು ವಾಪಸ್ ಬಂದವರಲ್ಲ. "ರೆಕಾರ್ಡ್ ಬ್ಯಾಡ ತಂಗಿ, ಊಟ ಮಾಡಿ ಹೋಗ್ರಿ" ಅಂದರು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ ಬಡಿಸಿದರು. ಮಗನ ಕಾಲೇಜು, ಹೊಲದ ತಕರಾರು, ಮಳೆ, ಎಲ್ಲ ಮಾತಾಡಿದರು. ಅಕ್ಕಾ, ಹೇಳದೇ ಇರುವುದೂ ನಿಮ್ಮ ಹಕ್ಕು. ಬಾಗಿಲು ತೆರೆದು ಒಳಗೆ ಕರೆದಿರಿ, ನನಗೆ ಅದೇ ದೊಡ್ಡದು.

ಕಾಗದ ಪತ್ರ ಹುಡುಕಿಕೊಟ್ಟ ಸೈನಿಕ ಕಲ್ಯಾಣ ಕಚೇರಿಯ ಸಿಬ್ಬಂದಿಗೂ ನಮಸ್ಕಾರ. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಕುಷ್ಟಗಿ, ಗಂಗಾವತಿ ಕಡೆಯ ಹಳೆಯ ಸೈನಿಕರ ಡಿಸ್ಚಾರ್ಜ್ ಬುಕ್ಕಿನಲ್ಲಿ ಇನ್ನೂ ರಾಯಚೂರು ಜಿಲ್ಲೆ ಅಂತಲೇ ಇದೆ. ಅಂಥವರ ದಾಖಲೆಯನ್ನೂ ಬೇಸರಿಸದೆ ತೆಗೆದುಕೊಟ್ಟರು.

ಕೊನೆಗೆ ನಮ್ಮ ಒಂಬತ್ತನೇ ತರಗತಿ ಮಕ್ಕಳು. ಮೈಕ್ ಹಿಡಿದವರು, ಬರೆದುಕೊಂಡವರು, ಅಜ್ಜಂದಿರಿಗೆ ಕುರ್ಚಿ ಹೊತ್ತವರು ಅವರೇ. ನಾನು ಯುದ್ಧ, ಇಸವಿ ಅಂತ ಕೇಳುತ್ತಿದ್ದರೆ ಒಬ್ಬ ಹುಡುಗಿ ನಡುವೆ ಬಾಯಿ ಹಾಕಿ "ಅಜ್ಜಾ, ನಿಮಗ ಅಂಜಿಕಿ ಆಗ್ತಿತ್ತಾ?" ಅಂದಳು. ಅಜ್ಜ ಸ್ವಲ್ಪ ಹೊತ್ತು ಸುಮ್ನೆ ಅವಳನ್ನೇ ನೋಡಿದರು. "ಆಗ್ತಿತ್ತವ್ವ. ದಿನಾ ಆಗ್ತಿತ್ತು. ಇಷ್ಟು ವರ್ಷದಾಗ ನೀನೇ ಕೇಳಿದ್ದು ನೋಡು" ಅಂದರು. ಆಮೇಲೆ ಅವರು ಹೇಳಿದ್ದು ಇಡೀ ಸಂಗ್ರಹದಲ್ಲಿ ನನಗೆ ತುಂಬಾ ಮುಖ್ಯವಾದ ಭಾಗ. ಮಕ್ಕಳೇ, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಇನ್ನು ಒಂದು ಕೋರಿಕೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಪತ್ರಗಳಿರಬಹುದು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ, ಕಾಗದ ಬೇಗ ಹಾಳಾಗುತ್ತದೆ. ಮಡಿಕೆ ಬಿಡಿಸಿ, ಎರಡು ಬಿಳಿ ಹಾಳೆ ನಡುವೆ ಇಟ್ಟು, ಒಣಗಿದ ಜಾಗದಲ್ಲಿಡಿ. ಮೊದಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ. ಅಕ್ಷರ ಗೊತ್ತಾಗದಿದ್ದರೆ ಶನಿವಾರ ಬೆಳಿಗ್ಗೆ ನಮ್ಮ ಶಾಲೆಗೆ ತನ್ನಿ. ಮಕ್ಕಳು ಓದಿ ಹೇಳುತ್ತಾರೆ, ಒಂದು ಸಾಲೂ ಬಿಡದೆ.